ದಾರಿಯಲ್ಲಿ ಸೋರಿದ್ದು ಯಾರ ಲೆಕ್ಕಕ್ಕೆ?

ಮನೆ ನಡೆಸುವ ಹೆಂಗಸರಿಗೆ ನಷ್ಟದ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಹಾಲು ಉಕ್ಕಿದರೆ ಎಷ್ಟು ಹೋಯಿತು, ಅಕ್ಕಿ ಆರಿಸಿದಾಗ ಕಲ್ಲು ನುಚ್ಚು ಎಷ್ಟು ಬಂತು, ಒಂದು ಕಿಲೋ ಬಂಗಡೆಯಲ್ಲಿ ತಲೆ ಕರುಳು ತೆಗೆದ ಮೇಲೆ ಪಾತ್ರೆಗೆ ಬಿದ್ದದ್ದೆಷ್ಟು, ಇವೆಲ್ಲ ನಮಗೆ ಕಣ್ಣಳತೆಯಲ್ಲೇ ತಿಳಿಯುತ್ತದೆ. ಕಾರವಾರದ ಬಂದರಿನಲ್ಲಿ ಮೀನು ಕೊಂಡು ಅಂಕೋಲೆಯ ಕಡೆ ಮಾರಲು ಹೋಗುವವಳಿಗೆ ಇನ್ನೊಂದು ಲೆಕ್ಕವೂ ಗೊತ್ತು. ಬುಟ್ಟಿಯಲ್ಲಿ ಹಾಕಿದ ಐಸು ದಾರಿಯಲ್ಲಿ ಕರಗುತ್ತದೆ. ದಾರಿ ಉದ್ದವಾದಷ್ಟೂ, ಬಿಸಿಲು ಏರಿದಷ್ಟೂ ಹೆಚ್ಚು ಕರಗುತ್ತದೆ. ಕರಗಿದ ಐಸಿಗೆ ಕೊಳ್ಳುವವರು ಬೇರೆಯಾಗಿ ದುಡ್ಡು ಕೊಡುವುದಿಲ್ಲ. ಆದರೆ ಅವಳು ಅದನ್ನು ಮೀನಿನ ಬೆಲೆಯಲ್ಲಿ ಸೇರಿಸಲೇಬೇಕು, ಇಲ್ಲದಿದ್ದರೆ ಅವಳ ಮನೆಯ ಒಲೆ ಉರಿಯುವುದಿಲ್ಲ.

ವಿದ್ಯುತ್ತೂ ಹೀಗೆಯೇ ದಾರಿಯಲ್ಲಿ ಕರಗುವ ಸರಕು. ಆದರೆ ಅದು ಕಣ್ಣಿಗೆ ಕಾಣುವುದಿಲ್ಲ, ನೆಲದ ಮೇಲೆ ಒದ್ದೆಯ ಗುರುತನ್ನೂ ಬಿಡುವುದಿಲ್ಲ. ಆದ್ದರಿಂದಲೇ ಇರಬೇಕು, ಒಂದು ಕೋಣೆಯಲ್ಲಿ ಸುಮ್ಮನೆ ತಿರುಗುವ ಫ್ಯಾನನ್ನು ಕಂಡರೆ ಎದ್ದು ಹೋಗಿ ಆರಿಸುವ ನಾವು, ತಂತಿಯ ಮೇಲೆ ಹಗಲೂ ರಾತ್ರಿ ಹೋಗುತ್ತಿರುವ ನಷ್ಟದ ಬಗ್ಗೆ ಒಂದು ಮಾತೂ ಆಡದೆ ಇದ್ದುಬಿಡುತ್ತೇವೆ. ನನ್ನ ಕೈಯಿಂದ ಚೆಲ್ಲದ ನೀರಿಗೆ ನಾನು ಹೊಣೆಯೇ? ಈ ಪ್ರಶ್ನೆ ಕೆಲವು ದಿನಗಳಿಂದ ನನ್ನ ತಲೆಯಲ್ಲಿ ಸುತ್ತುತ್ತಿದೆ.

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನಮ್ಮ ಜಿಲ್ಲೆಗೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪಲಿಕ್ಕಿಲ್ಲ. ಕಾಳಿ ನದಿ ಹುಟ್ಟಿ ಕಾರವಾರದ ಸಮುದ್ರ ಸೇರುವುದರೊಳಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟುಗಳ ಸಾಲನ್ನೇ ದಾಟುತ್ತದೆ. ನಾಗಝರಿಯ ವಿದ್ಯುದಾಗಾರವೂ ಇದೇ ನದಿಯದು. ಕದ್ರಾ ಒಂದರಲ್ಲೇ 150 ಮೆಗಾವ್ಯಾಟ್ ಉತ್ಪಾದಿಸಬಹುದು. ಅದರ ಹತ್ತಿರವೇ ಕೈಗಾದ ಅಣು ವಿದ್ಯುತ್ ಸ್ಥಾವರ. ಅಲ್ಲಿಯ ಮೊದಲ ಎರಡು ಘಟಕಗಳು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ಕೆಲಸ ಆರಂಭಿಸಿದವು. ಒಂದೊಂದೂ 220 ಮೆಗಾವ್ಯಾಟ್, ಒಟ್ಟು 880. ಮೊದಲನೆಯ ಘಟಕ 2018ರ ಕೊನೆಯವರೆಗೆ ಒಂದೇ ಸಮನೆ 962 ದಿನ ನಿಲ್ಲದೆ ನಡೆದು ಜಗತ್ತಿನ ದಾಖಲೆಯನ್ನೇ ಮಾಡಿತು. ಇಷ್ಟೆಲ್ಲ ಇದ್ದೂ ಆಷಾಢದ ಒಂದು ಗಾಳಿಗೆ ಅಕೇಶಿಯಾ ಮರ ತಂತಿಯ ಮೇಲೆ ಬಿದ್ದರೆ ಸುತ್ತಲಿನ ಊರುಗಳಲ್ಲಿ ಚಿಮಣಿ ಬುಡ್ಡಿ ಹುಡುಕಬೇಕಾಗುತ್ತದೆ. ಕೈಗಾದ ವಿದ್ಯುತ್ತು ದೊಡ್ಡ ದೊಡ್ಡ ಗೋಪುರಗಳ ಮೇಲಿನ 400 ಕಿಲೋವೋಲ್ಟ್ ತಂತಿಗಳಲ್ಲಿ ಕಾಡಿನ ತಲೆಯ ಮೇಲಿನಿಂದ ಘಟ್ಟ ಹತ್ತಿ ಹೋಗುತ್ತದೆ. ನಮ್ಮ ಮನೆಗೆ ಬರುವ ತಂತಿ ಬೇರೆ, ಅದರ ದಾರಿಯೂ ಬೇರೆ.

ಇದು ಇಂದಿನ ಕತೆಯೂ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ತೆಗೆದಾಗ ಅದು ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ತು ಸಾಗಿಸಿದ್ದು ಒಂದು ಅದ್ಭುತವೇ. ಬೆಂಗಳೂರಿನ ಬೀದಿಗೆ ಬೆಳಕು ಬಂದದ್ದು ಮೂರು ವರ್ಷದ ಮೇಲೆ, 1905ರಲ್ಲಿ. ನಡುವಿನ ಹಳ್ಳಿಯ ಹೆಂಗಸರು ತಮ್ಮ ತಲೆಯ ಮೇಲೆ ಹಾದು ಹೋಗುವ ತಂತಿಯನ್ನು ನೋಡಿಕೊಂಡು ಎಷ್ಟೋ ವರ್ಷ ಹರಳೆಣ್ಣೆ, ಹೊಂಗೆಯೆಣ್ಣೆ ದೀಪದಲ್ಲೇ ರಾಗಿ ಬೀಸಿರಬೇಕು.

ದಾರಿಯಲ್ಲಿ ವಿದ್ಯುತ್ತು ಸೋರುವುದು ಹೇಗೆ? ದೂರದ ಬಾವಿಯಿಂದ ನೀರು ತಂದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹಿತ್ತಲ ಬಾವಿಯಾದರೆ ಕೊಡ ತುಂಬಿದಂತೆಯೇ ಅಡುಗೆಮನೆ ಸೇರುತ್ತದೆ. ಅರ್ಧ ಮೈಲಿ ನಡೆದರೆ ಸೀರೆಯ ಸೆರಗು ಒದ್ದೆ. ತಂತಿಯಲ್ಲಿ ಆಗುವುದೂ ಇಂಥದೇ. ಎಂಥ ತಂತಿಯಾದರೂ ವಿದ್ಯುತ್ತಿನ ಹರಿವಿಗೆ ಸ್ವಲ್ಪ ಅಡ್ಡ ಬರುತ್ತದೆ, ಹಾಗೆ ಅಡ್ಡಬಂದದ್ದೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಇಲ್ಲೊಂದು ವಿಚಿತ್ರವಿದೆ. ಹರಿವು ಎರಡು ಪಟ್ಟಾದರೆ ನಷ್ಟ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು. ಆದ್ದರಿಂದಲೇ ದೂರ ಸಾಗಿಸುವಾಗ ವೋಲ್ಟೇಜ್ ಏರಿಸಿ ಹರಿವನ್ನು ಇಳಿಸುತ್ತಾರೆ. ದೊಡ್ಡ ಗೋಪುರದ ತಂತಿಯಲ್ಲಿ ನಷ್ಟ ಅಷ್ಟಾಗಿ ಇಲ್ಲ. ಹೆಚ್ಚು ಸೋರುವುದು ಊರಿನ ಟಿ.ಸಿ.ಯಿಂದ ಮನೆಮನೆಗೆ ಬರುವ ಸಣ್ಣ ತಂತಿಗಳ ಕಡೆಯಲ್ಲಿ. ಸಂಜೆ ಏಳು ಗಂಟೆಗೆ ಎಲ್ಲರ ಮನೆಯ ದೀಪ, ಟಿ.ವಿ., ಮಿಕ್ಸರ್ ಒಟ್ಟಿಗೆ ಓಡುವಾಗ ಸಾಲಿನ ಕೊನೆಯ ಮನೆಯ ಬಲ್ಬು ಮಂಕಾಗುತ್ತದಲ್ಲ, ಆ ಮಂಕು ಎಂದರೆ ದಾರಿಯಲ್ಲಿ ಕಳೆದುಹೋದ ಬೆಳಕು.

ಈ ಶತಮಾನದ ಆರಂಭದಲ್ಲಿ ನಮ್ಮ ದೇಶದಲ್ಲಿ ಉತ್ಪಾದನೆಯಾದ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಲೆಕ್ಕಕ್ಕೆ ಸಿಕ್ಕುತ್ತಿರಲಿಲ್ಲ. 2022–23ರ ಹೊತ್ತಿಗೆ ಅದು ನೂರಕ್ಕೆ ಸುಮಾರು 15ಕ್ಕೆ ಇಳಿಯಿತು. ಇದರಲ್ಲಿ ಎಲ್ಲವೂ ತಂತಿಯ ಬಿಸಿಯಲ್ಲ. ಕೊಕ್ಕೆ ಹಾಕಿ ಕದ್ದದ್ದು, ಅಳತೆಗೆ ಸಿಕ್ಕದೆ ಹೋದದ್ದು, ಬಿಲ್ಲು ಕಟ್ಟದೆ ಉಳಿದದ್ದು ಎಲ್ಲ ಇದರಲ್ಲಿ ಸೇರಿವೆ. ಇಳಿದಿರುವುದು ಸಂತೋಷದ ವಿಷಯವೇ. ಆದರೂ ನೂರು ಕೊಡ ಹೊತ್ತು ಹದಿನೈದು ಕೊಡ ಮನೆಗೆ ಮುಟ್ಟದಿದ್ದರೆ ಯಾವ ಮನೆಯ ಅತ್ತೆ ಸುಮ್ಮನಿರುತ್ತಾಳೆ?

ಈ ಹದಿನೈದು ಯಾರ ಲೆಕ್ಕಕ್ಕೆ? ಎಂಜಿನಿಯರರನ್ನು ಕೇಳಿದರೆ ಅದು ಪ್ರಕೃತಿ ನಿಯಮ ಎನ್ನುತ್ತಾರೆ, ಸುಳ್ಳಲ್ಲ. ದರ ನಿಗದಿ ಮಾಡುವವರು ಇಂತಿಷ್ಟು ನಷ್ಟ ಇದ್ದೇ ಇರುತ್ತದೆ ಎಂದು ಅದನ್ನೂ ಯೂನಿಟ್ಟಿನ ದರದೊಳಗೆ ಸೇರಿಸುತ್ತಾರೆ, ಮೀನಿನವಳು ಐಸನ್ನು ಸೇರಿಸಿದ ಹಾಗೆ. ಅಂದರೆ ದುಡ್ಡಿನ ಲೆಕ್ಕ ಹೇಗೋ ಸರಿಹೋಯಿತು. ಆದರೆ ದುಡ್ಡಿನಲ್ಲಿ ಸರಿಹೋಗದ ಲೆಕ್ಕವೂ ಒಂದಿದೆ.

ಸೂಪಾ ಎಂಬುದು ಮೊದಲು ಅಣೆಕಟ್ಟಿನ ಹೆಸರಾಗಿರಲಿಲ್ಲ, ಊರಿನ ಹೆಸರಾಗಿತ್ತು. ತಾಲೂಕಿಗೇ ಆ ಹೆಸರಿತ್ತು. 101 ಮೀಟರ್ ಎತ್ತರದ ಕಟ್ಟೆ ಎದ್ದ ಮೇಲೆ ಪೇಟೆ, ದೇವಸ್ಥಾನ, ಗದ್ದೆ ಎಲ್ಲ ನೀರಿನ ಕೆಳಗೆ ಹೋದವು. ಅಲ್ಲಿಯವರಲ್ಲಿ ಬಹಳ ಮಂದಿ ರಾಮನಗರದಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡರು. ಕೊಡಸಳ್ಳಿ, ಕದ್ರಾ, ಕೈಗಾಗಳಲ್ಲೂ ಜನ ಎದ್ದು ಹೋದರು. ಕೈಗಾ ಬೇಡವೆಂದು ಜಿಲ್ಲೆಯಲ್ಲಿ ಎಷ್ಟೋ ವರ್ಷ ಚಳವಳಿ ನಡೆಯಿತು. ಶಿವರಾಮ ಕಾರಂತರು ಆ ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ನಮ್ಮ ಕ್ಷೇತ್ರದಿಂದ ನಿಂತು ಸೋತರು. ಆ ಯೋಜನೆ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ಸ್ಥಾವರ ಬಂತು, ವಿದ್ಯುತ್ತು ಬಂತು, ಅದನ್ನು ನಾವೆಲ್ಲ ಬಳಸುತ್ತಿದ್ದೇವೆ. ಆದರೆ ನೂರರಲ್ಲಿ ಹದಿನೈದು ದಾರಿಯಲ್ಲಿ ಹೋಯಿತು ಎನ್ನುವಾಗ, ಹೋದದ್ದು ಬರಿಯ ಯೂನಿಟ್ಟಲ್ಲ. ಯಾರದೋ ಅಡಿಕೆ ತೋಟದ, ಯಾರದೋ ತುಳಸಿಕಟ್ಟೆಯ ಒಂದು ಪಾಲು ಯಾರ ಬಳಕೆಗೂ ಬಾರದೆ ಬಿಸಿಯಾಗಿ ಗಾಳಿಗೆ ಹೋಯಿತು. ಕೊಟ್ಟವರಿದ್ದಾರೆ, ಪಡೆದವರಿಲ್ಲ. ದಾನ ಕೊಟ್ಟ ಅಕ್ಕಿಯನ್ನು ದಾರಿಯಲ್ಲಿ ಚೆಲ್ಲಿಕೊಂಡು ಹೋದರೆ ಕೊಟ್ಟವಳ ಮುಖ ಹೇಗೆ ನೋಡುವುದು? ತೀರ ಅನಿವಾರ್ಯವಾದ ನಷ್ಟವನ್ನು ಅವಳೂ ಕ್ಷಮಿಸಿಯಾಳು. ತಡೆಯಬಹುದಾದದ್ದನ್ನು ತಡೆಯದಿದ್ದರೆ?

ತಡೆಯುವ ಒಂದು ದಾರಿ, ಬೇಕಾದ ಕಡೆಯಲ್ಲೇ ಬೇಕಾದದ್ದನ್ನು ಮಾಡಿಕೊಳ್ಳುವುದು. ಹಿತ್ತಲಲ್ಲೇ ಬಾವಿ ತೋಡುವುದು. ಅಂಕೋಲೆಯಲ್ಲಿರುವ ನನ್ನ ಅಣ್ಣನ ಮನೆಯ ತಾರಸಿಯ ಮೇಲೆ ಹೋದ ವರ್ಷ ಸೌರ ಫಲಕಗಳನ್ನು ಕೂಡಿಸಿದರು, ಮೂರು ಕಿಲೋವ್ಯಾಟಿನದು. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರ ಅಡಿ ಜಾಗ ಬೇಕು. ಒಳ್ಳೆಯ ಬಿಸಿಲಿದ್ದರೆ ದಿನಕ್ಕೆ ನಾಲ್ಕು ಯೂನಿಟ್ಟಿನಷ್ಟು ಬರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು ಬಹಳ ಇಳಿಯುತ್ತದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಇರುವುದರಿಂದ ಅಣ್ಣನಿಗೆ ಧೈರ್ಯ ಬಂತು.

ಅತ್ತಿಗೆಗೆ ಮಾತ್ರ ಇದು ಅಷ್ಟು ಒಪ್ಪಿಗೆಯಾಗಿರಲಿಲ್ಲ. "ಗೃಹಜ್ಯೋತಿ ಬಂದ ಮೇಲೆ ನಮಗೆ ಬಿಲ್ಲೇ ಇಲ್ಲ. ಪುಕ್ಕಟೆ ಸಿಕ್ಕುವುದಕ್ಕೆ ದುಡ್ಡು ಹಾಕುವುದು ಎಂತಕ್ಕೆ ಮಾರಾಯ್ತಿ?" ಎಂದು ನನ್ನನ್ನೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. 2023ರಿಂದ ರಾಜ್ಯದಲ್ಲಿ ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಮನೆಬಳಕೆಯ ವಿದ್ಯುತ್ತು ಉಚಿತ. ಹಪ್ಪಳ ಲಟ್ಟಿಸಿ, ಹೊಲಿಗೆ ಹೊಲಿದು ಮನೆ ನಡೆಸುವ ಎಷ್ಟೋ ಹೆಂಗಸರಿಗೆ ಇದರಿಂದ ಉಸಿರಾಡುವಂತಾಗಿದೆ, ಅದನ್ನು ಹಗುರಾಗಿ ಆಡುವುದು ತಪ್ಪು. ನಾನೆಂದೆ: "ಅತ್ತಿಗೆ, ಬಿಲ್ಲು ಸೊನ್ನೆಯಾದರೆ ಖರ್ಚು ಸೊನ್ನೆಯಾಯಿತು ಅಂತಲ್ಲ. ಮನೆಗೆ ಒಂದು ಯೂನಿಟ್ಟು ಮುಟ್ಟಬೇಕಾದರೆ ಅಲ್ಲಿ ಒಂದಕ್ಕಿಂತ ಹೆಚ್ಚು ಹುಟ್ಟಬೇಕು. ನಿಮ್ಮ ಮಾಡಿನ ಮೇಲೆ ಹುಟ್ಟಿದ್ದು ನಿಮ್ಮ ಗ್ರೈಂಡರಿಗೆ ಹೋದರೆ ದಾರಿಯೇ ಇಲ್ಲ, ಸೋರುವುದೆಲ್ಲಿಂದ ಬಂತು?" ಅತ್ತಿಗೆ, "ನೀನು ಕಾರವಾರದಲ್ಲಿ ಬಾಡಿಗೆ ಮನೆಯಲ್ಲಿ ಕೂತು ನನ್ನ ಮಾಡಿನ ಲೆಕ್ಕ ಹೇಳು" ಎಂದು ನಕ್ಕರು. ಆ ನಗೆಯಲ್ಲಿ ನ್ಯಾಯವಿತ್ತು. ಅದಕ್ಕೆ ಮುಂದೆ ಬರುತ್ತೇನೆ.

ಹಾಗೆ ಹೇಳಿದರೂ ಮೂರೇ ತಿಂಗಳಲ್ಲಿ ಅತ್ತಿಗೆಯ ದಿನಚರಿ ಬದಲಾಯಿತು. ಸಂಜೆ ನೆನೆಸಿ ರಾತ್ರಿ ರುಬ್ಬುತ್ತಿದ್ದ ದೋಸೆ ಹಿಟ್ಟು ಈಗ ಹನ್ನೊಂದು ಗಂಟೆಗೇ ರುಬ್ಬಿ ಮುಗಿಯುತ್ತದೆ. ಬಾವಿಯ ಪಂಪು, ಬಟ್ಟೆಯ ಮಶೀನು, ಇಸ್ತ್ರಿ ಎಲ್ಲ ಹಗಲಿಗೆ ಬಂದವು. ಇದರಲ್ಲಿ ಹೊಸದೇನಿದೆ? ನಮ್ಮ ತಾಯಂದಿರ ಕೆಲಸವೆಲ್ಲ ಸೂರ್ಯನ ಹೊತ್ತಿನದೇ. ಹಪ್ಪಳ, ಸಂಡಿಗೆ, ಮುರುಗಲ ಸಿಪ್ಪೆ, ಒಣಮೀನು, ಮಳೆಗಾಲಕ್ಕೆ ಬೇಕಾದ ಎಲ್ಲವೂ ಬಿಸಿಲಿನಲ್ಲೇ ತಯಾರಾಗುತ್ತಿದ್ದವು. ಸೌರಶಕ್ತಿಯಿಂದ ನಷ್ಟ ಇಳಿಯಬೇಕಾದರೆ ಇದೇ ಮುಖ್ಯ. ಬಂದಾಗ ಬಳಸಬೇಕು, ಬಂದ ಕಡೆ ಬಳಸಬೇಕು. ಹೆಚ್ಚಾದದ್ದು ತಂತಿಗೆ ಹೋದರೂ ದೂರ ಹೋಗುವುದಿಲ್ಲ. ಪಕ್ಕದ ದರ್ಜಿಯ ಯಂತ್ರವೋ, ತಿರುವಿನ ಹಿಟ್ಟಿನ ಗಿರಣಿಯೋ ಅದನ್ನು ಎಳೆದುಕೊಳ್ಳುತ್ತದೆ. ಅಷ್ಟು ಮಟ್ಟಿಗೆ ದೂರದಿಂದ ಬರಬೇಕಾದದ್ದು ಕಡಿಮೆ. ಹರಿವು ಸ್ವಲ್ಪ ಇಳಿದರೆ ನಷ್ಟ ಬಹಳ ಇಳಿಯುತ್ತದೆ ಎಂದು ಆಗಲೇ ಹೇಳಿದೆನಲ್ಲ. ಆದರೆ ಒಂದೇ ಟಿ.ಸಿ.ಯ ಮನೆಗಳೆಲ್ಲ ಫಲಕ ಹಾಕಿ, ಮಧ್ಯಾಹ್ನ ಯಾರೂ ಬಳಸದೆ ಎಲ್ಲರೂ ತಂತಿಗೇ ತಳ್ಳಿದರೆ ಅದು ಮತ್ತೆ ದೂರ ಹರಿಯಬೇಕು, ಮತ್ತೆ ಸೋರಬೇಕು. ಯಂತ್ರ ತಂದು ಕೂಡಿಸುವುದು ಗಂಡಸರ ಕೆಲಸ ಎಂದುಕೊಂಡರೂ, ಅದು ಸಾರ್ಥಕವಾಗುವುದು ಹಗಲು ಮನೆಯಲ್ಲಿರುವವಳ ಕೈಯಲ್ಲಿ.

ಒಂದು ದಿನ ಒಳ್ಳೆಯ ಬಿಸಿಲಿನಲ್ಲೇ ಊರಿನ ಕರೆಂಟು ಹೋಯಿತು. ಅತ್ತಿಗೆಯ ಮನೆಯಲ್ಲೂ ಹೋಯಿತು! "ತಲೆ ಮೇಲೆ ಬಿಸಿಲು ಸುಡುತ್ತದೆ, ಮನೆಯಲ್ಲಿ ಫ್ಯಾನಿಲ್ಲ. ಇದೆಂಥ ಸೋಲಾರು?" ಎಂದು ಫಲಕ ಕೂಡಿಸಿದ ಹುಡುಗನಿಗೆ ಫೋನು ಮಾಡಿದರು. ಆ ಹುಡುಗ ಸಮಾಧಾನದಿಂದ ಹೇಳಿದನಂತೆ: "ಅಮ್ಮಾ, ಅದು ಕೆಟ್ಟದ್ದಲ್ಲ. ಇದು ತಂತಿಗೆ ಸೇರಿಸಿದ ವ್ಯವಸ್ಥೆ. ಲೈನು ಹೋದರೆ ತಾನೂ ಆರಿಕೊಳ್ಳಬೇಕು ಎಂದೇ ಮಾಡಿದ್ದಾರೆ. ಇಲ್ಲದಿದ್ದರೆ ಕರೆಂಟಿಲ್ಲ ಎಂದುಕೊಂಡು ಕಂಬ ಹತ್ತಿದ ಲೈನ್‌ಮನ್ನನಿಗೆ ನಿಮ್ಮ ಮನೆಯ ಕರೆಂಟು ಹೊಡೆಯುತ್ತದೆ." ಬ್ಯಾಟರಿ ಇಟ್ಟು, ತಂತಿಯಿಂದ ಬೇರ್ಪಡಿಸಿಕೊಂಡು ಮನೆಯೊಳಗೆ ಮಾತ್ರ ನಡೆಸುವ ವ್ಯವಸ್ಥೆಯೂ ಇದೆ, ಅದಕ್ಕೆ ದುಡ್ಡು ಹೆಚ್ಚು.

ನನಗೆ ಈ ಮಾತು ಬಹಳ ಹಿಡಿಸಿತು. ನಮ್ಮ ಬೆಳಕು ನಮ್ಮಲ್ಲೇ ಹುಟ್ಟಬಹುದು. ಆದರೆ ತಂತಿಗೆ ಸೇರಿಕೊಂಡ ಮೇಲೆ, ಆ ತಂತಿಯ ಇನ್ನೊಂದು ತುದಿಯಲ್ಲಿ ಮಳೆಯಲ್ಲಿ ನೆನೆಯುತ್ತ ಕಂಬ ಹಿಡಿದಿರುವ ಒಬ್ಬ ಮನುಷ್ಯನಿದ್ದಾನೆ. ಅವನಿಗೂ ಮನೆಯಿದೆ, ಕಾಯುವ ಹೆಂಡತಿಯಿದ್ದಾಳೆ. ಅವನು ಕೆಳಗಿಳಿಯುವವರೆಗೆ ನಮ್ಮ ಫ್ಯಾನು ನಿಲ್ಲುವುದು ದೊಡ್ಡ ಮಾತಲ್ಲ. ಸ್ವಾವಲಂಬನೆ ಎಂದರೆ ಯಾರ ಹಂಗೂ ಇಲ್ಲದೆ ಬಾಗಿಲು ಹಾಕಿಕೊಳ್ಳುವುದು ಎಂದು ನಾವು ತಿಳಿದುಕೊಂಡಿರುತ್ತೇವೆ. ಹಾಗೆ ಬಾಗಿಲು ಹಾಕಿಕೊಂಡ ಮನೆಗೆ ರಾತ್ರಿ ಕೈಗಾವೂ ಬೇಡ, ಕಾಳಿಯೂ ಬೇಡ ಎನ್ನುವಷ್ಟು ಶಕ್ತಿಯಿದ್ದರೆ ಅದು ಬೇರೆ ಮಾತು. ಆದರೆ ಉಳ್ಳವರೆಲ್ಲ ಹೀಗೆ ಒಬ್ಬೊಬ್ಬರೇ ಎದ್ದು ಹೋದರೆ, ಆ ಕಂಬ, ತಂತಿ, ಟಿ.ಸಿ.ಗಳನ್ನು ನೋಡಿಕೊಳ್ಳುವ ಖರ್ಚು ಉಳಿದವರ ತಲೆಗೆ ಬರುತ್ತದೆ.

ಉಳಿದವರು ಯಾರು? ಮಾಡಿಲ್ಲದವರು. ಅತ್ತಿಗೆ ನಕ್ಕದ್ದು ಇದಕ್ಕೇ. ಬಾಡಿಗೆ ಮನೆಯ ಮೇಲೆ ನಾನು ಏನನ್ನು ಕೂಡಿಸಲಿ? ಸಮುದ್ರದಂಚಿನ ಕೇರಿಗಳಲ್ಲಿ ತೆಂಗಿನ ನೆರಳಿನಲ್ಲಿ ಒಂದಕ್ಕೊಂದು ತಾಗಿಕೊಂಡಿರುವ ಸಣ್ಣ ಹಂಚಿನ ಮನೆಗಳಿವೆ. ಅವುಗಳ ಮೇಲೆ ಬಿಸಿಲು ಬೀಳುವುದೇ ಕಡಿಮೆ, ಮುಂಗಡ ಹಾಕಲು ದುಡ್ಡೂ ಇಲ್ಲ. ಬಿಸಿಲು ಎಲ್ಲರದು ಎನ್ನುತ್ತೇವೆ, ಬಿಸಿಲು ಹಿಡಿಯುವ ಜಾಗ ಎಲ್ಲರದಲ್ಲ. ಇನ್ನು ಸೌರಶಕ್ತಿ ಎಂದ ಮಾತ್ರಕ್ಕೆ ದಾರಿ ಹತ್ತಿರವಾಯಿತು ಎಂದೂ ಅಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಪಾರ್ಕು ಇದೆ. ಮಳೆ ಕಾಣದ ಆ ನೆಲದ ರೈತರಿಗೆ ವರ್ಷ ವರ್ಷ ಗೇಣಿ ಬರುತ್ತದೆ, ದೇಶಕ್ಕೆ ಹೊಗೆಯಿಲ್ಲದ ವಿದ್ಯುತ್ತು ಸಿಕ್ಕುತ್ತದೆ. ಒಳ್ಳೆಯದೇ. ಆದರೆ ಅದೂ ಗೋಪುರ ಹತ್ತಿ ದೂರ ಹೋಗಬೇಕು. ಗೇಣಿ ಜಮೀನಿದ್ದವರಿಗೆ ಬರುತ್ತದೆ, ಆ ಜಮೀನಿನಲ್ಲಿ ಕಳೆ ಕೀಳಲು ಹೋಗುತ್ತಿದ್ದ ಕೂಲಿ ಹೆಂಗಸಿಗಲ್ಲ. ಆದ್ದರಿಂದ ನಾವು ಕೇಳಬೇಕಾದದ್ದು ಯಾವ ಶಕ್ತಿ ಎಂದಷ್ಟೇ ಅಲ್ಲ, ಎಷ್ಟು ದೂರದ್ದು, ಯಾರು ಬಿಟ್ಟುಕೊಟ್ಟದ್ದು, ಯಾರಿಗೆ ಮುಟ್ಟಿದ್ದು ಎಂದೂ ಕೇಳಬೇಕು. ಮನೆಯ ಮಾಡಿಗೆ ಹಣ ಕೊಡುವ ಸರಕಾರ ಶಾಲೆ, ಆಸ್ಪತ್ರೆ, ಪಂಚಾಯತಿ ಕಟ್ಟಡ, ಮೀನು ಮಾರುಕಟ್ಟೆಯ ಮಾಡುಗಳನ್ನೂ ನೋಡಲಿ. ಅಲ್ಲಿ ಹುಟ್ಟಿದ್ದು ಅದೇ ಕೇರಿಯ ತಂತಿಗೆ ಸೇರಿದರೆ ಮಾಡಿಲ್ಲದವಳ ಬಲ್ಬೂ ಮಂಕಾಗದೆ ಉರಿದೀತು.

ಅಂಕೋಲೆಯವರಿಗೆ ಹತ್ತಿರದ್ದನ್ನು ಹತ್ತಿರವೇ ಮಾಡಿಕೊಳ್ಳುವ ಪಾಠ ಹೊಸದಲ್ಲ. 1930ರಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಇದೇ ಊರು ನೆಲೆಯಾಯಿತು. ಕಣ್ಣೆದುರಿಗೆ ಸಮುದ್ರ, ತಲೆಯ ಮೇಲೆ ಬಿಸಿಲು; ಅವೆರಡೂ ಸೇರಿ ಕೊಡುವ ಉಪ್ಪಿಗೆ ಬೇರೆಯವರ ಅಪ್ಪಣೆ ಏಕೆ ಎಂದು ಜನ ಕೇಳಿದರು. ಅಂದು ಮಾಡಿದ ಉಪ್ಪು ಎಷ್ಟೂ ಇರಲಿಕ್ಕಿಲ್ಲ. ಅದರಿಂದ ಊರಿನ ಅಡುಗೆಯೆಲ್ಲ ನಡೆಯಿತು ಎಂದೂ ಅಲ್ಲ. ಆದರೂ ಆ ಹಿಡಿ ಉಪ್ಪನ್ನು ಮಾಡಿದವರು ಒಬ್ಬೊಬ್ಬರು ತಮ್ಮ ತಮ್ಮ ಮನೆಗೆಂದು ಮಾಡಲಿಲ್ಲ. ಊರು ಕೂಡಿ ಮಾಡಿತು.

ಹಾಗಾದರೆ ಮೊದಲಿನ ಪ್ರಶ್ನೆ. ನನ್ನ ಕೈಯಿಂದ ಚೆಲ್ಲದ ನೀರಿಗೆ ನಾನು ಹೊಣೆಯೇ? ಚೆಲ್ಲಿದ್ದಕ್ಕೆ ಹೊಣೆಯಲ್ಲ ಎಂದೇ ನನಗೆ ಅನ್ನಿಸುತ್ತದೆ. ಆದರೆ ದೂರದಿಂದ ತರಿಸಿಕೊಂಡದ್ದಕ್ಕೆ ಹೊಣೆ. ಕೊಡ ನನ್ನ ಮನೆಗೆ ಬರುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ನನಗೆ ಮಾಡಿಲ್ಲ, ಫಲಕವಿಲ್ಲ. ಆದರೂ ಸಂಜೆ ಏಳಕ್ಕೆ ಇಸ್ತ್ರಿ ಹಾಕದೆ ಹಗಲಿಗೆ ಇಟ್ಟುಕೊಳ್ಳಬಹುದು. ಎಲ್ಲರೂ ಎಳೆಯುವ ಹೊತ್ತಿನಲ್ಲಿ ನಾನೊಬ್ಬಳು ಸ್ವಲ್ಪ ಕಡಿಮೆ ಎಳೆದರೆ ಸಾಲಿನ ಕೊನೆಯ ಮನೆಯ ಹುಡುಗಿಯ ಪುಸ್ತಕದ ಮೇಲೆ ಅಷ್ಟು ಬೆಳಕು ಹೆಚ್ಚು ಬಿದ್ದೀತು. ಆ ಹುಡುಗಿ ಯಾರೆಂದು ನನಗೆ ಗೊತ್ತಿಲ್ಲ, ನಾನು ಇಸ್ತ್ರಿ ಹಾಕಲಿಲ್ಲವೆಂದು ಅವಳಿಗೂ ತಿಳಿಯುವುದಿಲ್ಲ. ನಾವು ಮನೆಯಲ್ಲಿ ಮಾಡುವ ಎಷ್ಟೋ ಕೆಲಸ ಹೀಗೆ ಯಾರಿಗೂ ತಿಳಿಯದೆಯೇ ನಡೆಯುತ್ತದೆ. ಇದನ್ನೂ ಅದಕ್ಕೆ ಸೇರಿಸಿಕೊಂಡರೆ ನಮಗೆ ಭಾರವಾಗಲಾರದು.